ಬೆಂಕಿ ಬಿದ್ದ ಮನೆಯ ಮಸಿ ತೆಗೆಸಿದ ಅನುಭವ: ಮಂಗಳೂರಿನ ಒಂದು ಶುಚಿಗೊಳಿಸುವ ಸೇವೆಯ ಕುರಿತು

ಬೆಂಕಿ ಆರಿದ ಮನೆಯನ್ನು ಶುಚಿಗೊಳಿಸಲು ಬಂದವರು ಮೊದಲ ದಿನವೇ ಬಕೆಟ್ ಮತ್ತು ಸೋಪಿನ ನೀರು ಹಿಡಿದುಕೊಂಡು ಒಳಗೆ ಕಾಲಿಟ್ಟರೆ ಅವರನ್ನು ಅಲ್ಲಿಯೇ ತಡೆಯಬೇಕು. ಉರ್ವದಲ್ಲಿರುವ ನಮ್ಮ ಹಂಚಿನ ಮನೆಯ ಅಡುಗೆಮನೆಗೆ ಕಳೆದ ಬೇಸಗೆಯಲ್ಲಿ ಫ್ರಿಜ್ಜಿನ ವಯರಿನಿಂದ ಬೆಂಕಿ ತಗುಲಿದಾಗ ಸುಟ್ಟದ್ದು ಒಂದೇ ಕೋಣೆಯಾದರೂ, ಹೊಗೆ ಮಾಡಿನ (ಛಾವಣಿಯ) ಅಡಿಯಲ್ಲಿಯೇ ಹರಡಿ ಚಾವಡಿಯನ್ನೂ ದೇವರ ಕೋಣೆಯನ್ನೂ ಕಪ್ಪಾಗಿಸಿತ್ತು. ಕಂಕನಾಡಿ ಕಡೆಯಿಂದ ಬಂದ ತಂಡದ ಮೇಸ್ತ್ರಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ ನನ್ನ ತಾಯಿಗೆ ಮೊದಲು ಹೇಳಿದ ಮಾತು, "ಅಮ್ಮ, ಈಗ ಒರೆಸಬೇಡಿ, ಮಸಿ ಗೋಡೆಯ ಒಳಗೆ ಇಳಿಯುತ್ತದೆ" ಎಂಬುದು. ಆ ಒಂದು ಮಾತಿನಿಂದಲೇ ಇವರಿಗೆ ಕೆಲಸ ಗೊತ್ತಿದೆ ಎಂದು ನನಗೆ ಅನಿಸಿತು, ಮತ್ತು ಮಸಿ ತೆಗೆಯುವ ಮಟ್ಟಿಗೆ ಆ ಅನಿಸಿಕೆ ಸುಳ್ಳಾಗಲಿಲ್ಲ.

ಮಸಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ನೀರು ತಾಗಿದೊಡನೆ ಅದು ಹರಡಿಕೊಂಡು ಕಲೆಯಾಗುತ್ತದೆ. ಆದ್ದರಿಂದ ಅವರು ಸೂಕ್ಷ್ಮ ಕಣಗಳನ್ನು ಹೊರಗೆ ಬಿಡದ ಹೆಪಾ ಫಿಲ್ಟರಿನ ವ್ಯಾಕ್ಯೂಮ್‌ನಿಂದ ಸಡಿಲವಾದ ಬೂದಿಯನ್ನು ಎಳೆದು, ಬಳಿಕ ಒಣ ರಬ್ಬರ್ ಸ್ಪಂಜಿನಿಂದ ಗೋಡೆಗಳನ್ನು ಒರೆಸಿದರು. ಆ ಸ್ಪಂಜನ್ನು ಉಜ್ಜುವುದಿಲ್ಲ. ಮೇಲಿನಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ತಂದು, ಮುಖ ಕಪ್ಪಾದ ಕೂಡಲೇ ಆ ಪದರವನ್ನು ಬ್ಲೇಡಿನಿಂದ ಕತ್ತರಿಸಿ ಎಸೆದು, ಹೊಸ ಮುಖದಿಂದ ಪಕ್ಕದ ಪಟ್ಟಿಯನ್ನು ಹಿಡಿಯುತ್ತಾರೆ. ಹೀಗೆ ಚಾವಡಿಯ ಗೋಡೆಯಲ್ಲಿ ಪಟ್ಟಿ ಪಟ್ಟಿಯಾಗಿ ಹಳೆಯ ಬಣ್ಣ ಹೊರಬರುವುದನ್ನು ನೋಡಿದಾಗ ನನ್ನ ತಾಯಿಗೆ ಮೊದಲ ಬಾರಿ ಧೈರ್ಯ ಬಂದಿತು. ನೀರು ಮತ್ತು ಕ್ಷಾರೀಯ ದ್ರಾವಣ ಬಂದದ್ದು ಇದೆಲ್ಲ ಮುಗಿದ ಮೇಲೆ.

ಲೋಹದ ವಸ್ತುಗಳಿಗೆ ಮಾತ್ರ ಅವರು ಕಾಯಲಿಲ್ಲ, ಇದನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ವಯರಿನ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದು ತೇವದೊಂದಿಗೆ ಸೇರಿ ಆಮ್ಲವಾಗಿ ನಲ್ಲಿ, ಬಿಜಾಗರಿ, ಸ್ವಿಚ್ಚಿನ ಒಳಗಿನ ತಾಮ್ರ ಎಲ್ಲವನ್ನೂ ತಿನ್ನುತ್ತದೆ, ಮತ್ತು ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಯಾವಾಗಲೂ ಕೊರತೆಯಿಲ್ಲ. ದೇವರ ಕೋಣೆಯ ಹಿತ್ತಾಳೆಯ ದೀಪಗಳನ್ನೂ ನಲ್ಲಿಗಳನ್ನೂ ಅವರು ಬಂದ ದಿನವೇ ಒರೆಸಿ ಕೊಟ್ಟರು. ಎಲೆಕ್ಟ್ರಿಷಿಯನ್ ಪ್ರತಿಯೊಂದು ಬೋರ್ಡನ್ನು ಬಿಚ್ಚಿ ನೋಡುವ ತನಕ ಮೈನ್ ಸ್ವಿಚ್ ಮುಟ್ಟಲು ಬಿಡಲಿಲ್ಲ.

ಮಾಡಿನ ಕೆಲಸವೂ ಚೆನ್ನಾಗಿತ್ತು. ಅಡುಗೆಮನೆಯ ಮೇಲಿನ ಹಂಚುಗಳನ್ನು ಒಂದೊಂದಾಗಿ ಇಳಿಸಿ ಅಂಗಳದಲ್ಲಿ ತೊಳೆದರು, ಮಾಡನ್ನು ಹೊರುವ, ಕರಕಲಾದ ಮರದ ಪಕ್ಕಾಸುಗಳನ್ನು ಉಳಿಯಿಂದ ಕೆರೆದು ಗಟ್ಟಿ ಮರ ಎಷ್ಟು ಉಳಿದಿದೆ ಎಂದು ತೋರಿಸಿದರು. ನಮ್ಮ ಹೆಬ್ಬಲಸಿನ ಪಕ್ಕಾಸುಗಳಲ್ಲಿ ಹೆಚ್ಚಿನವು ಉಳಿದವು. ಹಂಚು ಕೂರುವ ತೆಳು ಪಟ್ಟಿಗಳಾದ ರೀಪುಗಳನ್ನು ಮಾತ್ರ ಹೊಸದಾಗಿ ಹಾಕಿಸಬೇಕಾಯಿತು.

ಆದರೆ ವಾಸನೆಯ ವಿಷಯದಲ್ಲಿ ಈ ತಂಡದ ಮೇಲೆ ನನಗೆ ನಿಜವಾದ ಅಸಮಾಧಾನವಿದೆ. ವಾಸನೆ ತೆಗೆಯಲು ಓಝೋನ್ ಅನಿಲ ಬಿಡುವ ಯಂತ್ರ ಇಡುವಾಗ ಮನೆಯಲ್ಲಿ ಯಾರೂ ಇರಬಾರದು ಎಂದು ಹೇಳಿದರೇ ಹೊರತು, ಅದು ರಬ್ಬರನ್ನು ಒಡೆಯುವಂತೆ ಮಾಡುತ್ತದೆ ಎಂದು ಹೇಳಲಿಲ್ಲ. ಉಳಿದಿದ್ದ ಕುಕ್ಕರಿನ ಗ್ಯಾಸ್ಕೆಟ್ಟುಗಳು ಬಿರುಕು ಬಿಟ್ಟವು. ಅದಕ್ಕಿಂತ ದೊಡ್ಡ ತಪ್ಪು ಬಣ್ಣದ ಆತುರ. ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು ಎಲ್ಲ ಮುಗಿಸಿಕೊಡುತ್ತೇವೆ ಎಂದು, ಮುರಕಲ್ಲಿನ ಗೋಡೆಗೆ ನೇರವಾಗಿ ಎಮಲ್ಷನ್ ಹೊಡೆದರು. ಮುರಕಲ್ಲು ರಂಧ್ರಗಳಿಂದ ತುಂಬಿದ ಕಲ್ಲು, ಗಾರೆ ಬಿರಿದ ಕಡೆ ಅದರೊಳಗೆ ಸೇರಿದ ಹೊಗೆ ಮೇಲ್ಮೈ ಒರೆಸಿದ ಮಾತ್ರಕ್ಕೆ ಹೋಗುವುದಿಲ್ಲ. ಸಡಿಲವಾದ ಗಾರೆಯನ್ನು ತೆಗೆದು, ಶೆಲ್ಯಾಕ್‌ನಂತಹ ವಾಸನೆ ತಡೆಯುವ ಪ್ರೈಮರ್ ಕೊಟ್ಟ ಮೇಲೆಯೇ ಬಣ್ಣ ಹೊಡೆಯಬೇಕು. ಜೂನ್ ತಿಂಗಳ ತೇವ ಹಿಡಿದಾಗ ಸುಟ್ಟ ವಾಸನೆ ಪುನಃ ಎದ್ದಿತು, ಮತ್ತು ಆ ಒಂದು ಗೋಡೆಯನ್ನು ಬೇರೆ ಪೈಂಟರಿಂದ ಕೆರೆಸಿ ಮಾಡಿಸಬೇಕಾಯಿತು. ಮಸಿ ತೆಗೆಯುವುದಕ್ಕೆ ಇವರನ್ನು ಇನ್ನೊಮ್ಮೆ ಕರೆಯಲು ನಾನು ಹಿಂಜರಿಯುವುದಿಲ್ಲ. ಬಣ್ಣದ ಕೆಲಸವನ್ನು ಕೊಡುವುದಿಲ್ಲ.

ವಿಮೆ ಇರುವವರು ಬಿಲ್ಲಿನ ವಿಷಯದಲ್ಲಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಅವಶೇಷಗಳನ್ನು ಸಾಗಿಸುವ ಖರ್ಚಿಗೆ ಕ್ಲೇಮ್ ಮೊತ್ತದ ಶೇಕಡಾ 2ರ ಮಿತಿಯಿದೆ. ಈ ತಂಡ ಕೊಟ್ಟ ಬಿಲ್ಲಿನಲ್ಲಿ "ಕ್ಲೀನಿಂಗ್" ಎಂಬ ಒಂದೇ ಸಾಲು ಇತ್ತು, ನಷ್ಟ ಅಂದಾಜಿಸಲು ಬಂದ ವಿಮೆಯ ಸರ್ವೇಯರ್ ಅದನ್ನು ಒಪ್ಪಲಿಲ್ಲ. ಸುಟ್ಟ ಸಾಮಾನಿನ ಸಾಗಾಟ, ಗೋಡೆಯ ಮಸಿ, ಮಾಡಿನ ದುರಸ್ತಿ ಎಂದು ಬಿಡಿಸಿ ಬರೆಸಿಕೊಳ್ಳಲು ಎರಡೆರಡು ಸಲ ಕೇಳಬೇಕಾಯಿತು, ಆದರೆ ಕೇಳಿದ ಮೇಲೆ ಕೊಟ್ಟರು, ಕೆಲಸಕ್ಕೆ ಮೊದಲು ತೆಗೆದಿದ್ದ ಫೋಟೋಗಳನ್ನೂ ಜೊತೆಗೆ ಕಳುಹಿಸಿದರು.