ಚಳ್ಳಕೆರೆ ಕಂಬಳಿ: ಅಮ್ಮನ ಚಳಿಗೆ ಸಿಕ್ಕ ಮದ್ದು

ನಾನು ಮಡಿಕೇರಿಗೆ ಬಂದು ಆರು ವರ್ಷ. ಜನವರಿಯ ಬೆಳಿಗ್ಗೆ 12 ಡಿಗ್ರಿ ಇದ್ದರೂ ಈಗ ತೆಳು ಸ್ವೆಟರ್ ಸಾಕು. ಮೊದಲ ವರ್ಷ ಹಲ್ಲು ಕಟಕಟ ಅನ್ನುತ್ತಿತ್ತು. ಮೈ ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ. ರಾಯಚೂರಿನಿಂದ ಬಂದ ಅಮ್ಮನಿಗೆ ಮಾತ್ರ ಎರಡು ರಗ್ಗು ಹೊದ್ದರೂ ಕಾಲು ತಣ್ಣಗೆ. 42 ಡಿಗ್ರಿ ಬಿಸಿಲು ಕಂಡ ಜೀವ, ವಯಸ್ಸೂ ಆಗಿದೆ, ಅಲ್ವಾ?

ಅವರಿಗಾಗಿ ಚಳ್ಳಕೆರೆಯಿಂದ ಕುರಿ ಉಣ್ಣೆಯ ಕರಿ ಕಂಬಳಿ ತರಿಸಿದೆ. ಕೈಮಗ್ಗದ್ದು. ಹುಣಸೆ ಬೀಜದ ಗಂಜಿ ಹಾಕಿರುವುದರಿಂದ ಮೊದಮೊದಲು ಹಲಗೆಯಂತೆ ಬಿರುಸು. ಕುರಿ ವಾಸನೆ ಎರಡು ದಿನ ಬಿಸಿಲಿಗೆ ಹಾಕಿದ ಮೇಲೆ ಕಡಿಮೆಯಾಯಿತು. ಸ್ವಲ್ಪ ಜಾಸ್ತಿನೇ ಚುಚ್ಚುತ್ತದೆ, ಹಾಗಾಗಿ ಒಳಗೆ ಹಳೆ ಕಾಟನ್ ಸೀರೆ ಹಾಕಿ ಹೊದಿಸುತ್ತೇನೆ. ಉಣ್ಣೆ ಎಳೆಗಳ ನಡುವೆ ಗಾಳಿ ನಿಲ್ಲುವುದರಿಂದ ಮೈಬಿಸಿ ಬೇಗ ಆರುವುದಿಲ್ಲ. ನಿನ್ನೆ ಬೆಳಿಗ್ಗೆ ಏಳಾದರೂ ಅಮ್ಮ ಮಲಗಿದ್ದರು. ಪಾದ ಮುಟ್ಟಿ ನೋಡಿದೆ, ಬೆಚ್ಚಗಿತ್ತು.