‘ಎಮೆರಿಟೈ’ ಎಂದು ಅಚ್ಚಾದ ಆಮಂತ್ರಣ: ಗದಗಿನ ಒಂದು ಮುದ್ರಣಾಲಯದ ಸೇವೆಯ ಕುರಿತು

ಜನವರಿ 14 ನಮ್ಮ ದೇಶದಲ್ಲಿ ಮಾಜಿ ಸೈನಿಕರ ದಿನ. ಕೊಡಗಿನ ಕೆ.ಎಂ. ಕಾರ್ಯಪ್ಪನವರು 1953ರಲ್ಲಿ ಅದೇ ದಿನ ಭೂಸೇನೆಯ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾದರು. ಈ ಸಲ ಆ ದಿನದಂದು ನಮ್ಮ ತಂದೆಯವರೂ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಅವರ ಜೊತೆಗಿದ್ದವರೂ ಸೇರಿ ಗದಗಿನಲ್ಲಿ ಒಂದು ಸಣ್ಣ ಸಮಾರಂಭ ಇಟ್ಟುಕೊಂಡಿದ್ದರು. ಆಮಂತ್ರಣ ಪತ್ರಿಕೆಯ ಹೊಣೆ ನನ್ನ ಪಾಲಿಗೆ ಬಂತು. ಮುದ್ರಣ ಕಾಶಿ ಎಂದು ಹೆಸರಾದ ಊರಿನಲ್ಲಿದ್ದುಕೊಂಡು ಅಚ್ಚಿಗಾಗಿ ಹುಬ್ಬಳ್ಳಿಗೆ ಹೋಗುವುದು ಸರಿಯಲ್ಲವೆನಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪತ್ರಿಕೆ ಸಿದ್ಧಪಡಿಸಿಕೊಡುವ, ಇಂಗ್ಲಿಷ್ ಅನುವಾದವನ್ನೂ ತಾವೇ ಮಾಡಿಕೊಡುವ ಇಲ್ಲಿಯ ಒಂದು ಮುದ್ರಣಾಲಯಕ್ಕೆ ಕೆಲಸ ಒಪ್ಪಿಸಿದೆ.

ಅಚ್ಚಿನ ಕೆಲಸದ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಕಾಗದ ದಪ್ಪವಾಗಿತ್ತು, ಮಡಿಕೆ ನೇರವಾಗಿತ್ತು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದೆ ಬಿಡಿಯಾಗಿ ನಿಂತಿದ್ದವು. ಹೇಳಿದ ದಿನಕ್ಕೇ ಪತ್ರಿಕೆಗಳನ್ನು ಕಟ್ಟಿಕೊಟ್ಟರು.

ತೊಡಕು ಬಂದದ್ದು ಇಂಗ್ಲಿಷ್ ಬದಿಯಲ್ಲಿ. ನಾನು ‘ಮಾಜಿ ಸೈನಿಕರ ಸಮ್ಮಿಲನ’ ಎಂದು ಬರೆದುಕೊಟ್ಟದ್ದು ಅಲ್ಲಿ ‘ಎಮೆರಿಟೈ’ ಎಂಬ ಶೀರ್ಷಿಕೆಯಾಗಿತ್ತು. ಕನ್ನಡದ ಕರಡನ್ನು ಎರಡು ಸಲ ತೋರಿಸಿದವರು ಇಂಗ್ಲಿಷಿನ ಕರಡನ್ನು ಒಮ್ಮೆಯೂ ತೋರಿಸಿರಲಿಲ್ಲ. ಪತ್ರಿಕೆ ತಲುಪಿದ ಮರುದಿನವೇ ಧಾರವಾಡದಿಂದ ಒಬ್ಬ ನಿವೃತ್ತ ಅಧಿಕಾರಿಗಳು ಫೋನ್ ಮಾಡಿ, “ಇದು ಯುನಿವರ್ಸಿಟಿಯವರ ಕಾರ್ಯಕ್ರಮ ಏನವಾ?” ಎಂದು ಕೇಳಿದರು.

ಆ ಶಬ್ದವನ್ನು ತಪ್ಪೆಂದು ತಳ್ಳಿಹಾಕುವ ಮೊದಲು ಅದರ ಮೂಲವನ್ನು ನೋಡಬೇಕು. ಲ್ಯಾಟಿನ್ ಭಾಷೆಯಲ್ಲಿ ‘ಎಮೆರಿಟಸ್’ ಎಂದರೆ ಸೇವೆಯ ಅವಧಿಯನ್ನು ಪೂರ್ತಿ ಮುಗಿಸಿ, ತನಗೆ ಸಲ್ಲಬೇಕಾದುದನ್ನು ದುಡಿದು ಗಳಿಸಿಕೊಂಡ ಸೈನಿಕ; ‘ಎಮೆರಿಟೈ’ ಅದರ ಬಹುವಚನ. ನಾವು ದಿನವೂ ಆಡುವ ‘ಮೆರಿಟ್’ ಕೂಡ ಅದೇ ಬೇರಿನದು. ರೋಮಿನ ಚಕ್ರವರ್ತಿ ಅಗಸ್ಟಸ್‌ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಸೈನಿಕನ ಸೇವಾವಧಿ 20 ವರ್ಷಕ್ಕೆ ನಿಗದಿಯಾಗಿ, ಬಿಡುಗಡೆಯಾದವನಿಗೆ 12,000 ಸೆಸ್ಟರ್ಸ್ ನಾಣ್ಯಗಳ ಇಡುಗಂಟು ಸಿಗುವಂತಾಯಿತು. ಅದಕ್ಕೂ ಮೊದಲೇ, ಕ್ರಿ.ಪೂ. 25ರಲ್ಲಿ, ಇಂಥ ನಿವೃತ್ತ ಸೈನಿಕರಿಗೆ ನೆಲೆ ಒದಗಿಸಲೆಂದು ‘ಎಮೆರಿಟಾ ಅಗಸ್ಟಾ’ ಎಂಬ ಊರನ್ನೇ ಕಟ್ಟಲಾಗಿತ್ತು. ಸ್ಪೇನ್ ದೇಶದ ಇಂದಿನ ಮೆರಿಡಾ ನಗರ ಅದೇ. ‘ವೆಟರನ್’ ಶಬ್ದದ ಮೂಲದಲ್ಲಿರುವುದು ‘ಹಳೆಯ’ ಎಂಬ ಅರ್ಥ ಮಾತ್ರ. ಹಾಗೆ ನೋಡಿದರೆ, ಗಡಿಯಲ್ಲಿ ಹಿಮದ ನಡುವೆ ಚಳಿಗಾಲಗಳನ್ನು ಕಳೆದು ಮೊಣಕಾಲು ನೋವನ್ನು ಜೊತೆಗೆ ತಂದುಕೊಂಡ ನನ್ನ ತಂದೆಯವರಿಗೆ ‘ಗಳಿಸಿದವ’ ಎಂಬ ಶಬ್ದವೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ಮನಸಾರೆ ಅನಿಸುತ್ತದೆ.

ಆದರೆ ಇಂದಿನ ಇಂಗ್ಲಿಷಿನಲ್ಲಿ ಆ ಶಬ್ದ ಸೈನ್ಯವನ್ನು ಬಿಟ್ಟು ವಿದ್ಯಾಪೀಠಗಳಿಗೆ ಸೇರಿಹೋಗಿದೆ. ನಾವು ‘ವಿಶ್ರಾಂತ ಕುಲಪತಿ’ ಎನ್ನುವ ಹಾಗೆ ಅವರು ‘ಪ್ರೊಫೆಸರ್ ಎಮೆರಿಟಸ್’ ಎನ್ನುತ್ತಾರೆ. ನಮ್ಮಲ್ಲಿ ವಿಶೇಷಣ ಮುಂದೆ ಬಂದರೆ ಅವರಲ್ಲಿ ಅದು ಸಾಮಾನ್ಯವಾಗಿ ಪದವಿಯ ಹಿಂದೆ ನಿಲ್ಲುತ್ತದೆ. 2013ರಲ್ಲಿ ಪದತ್ಯಾಗ ಮಾಡಿದ ಪೋಪ್ ಹದಿನಾರನೆಯ ಬೆನೆಡಿಕ್ಟರಿಗೂ ಇದೇ ಬಿರುದು ಸಂದಿತು. ಸೈನಿಕರ ಅರ್ಥದಲ್ಲಿ ಅದು ಕಾಣಸಿಗುವುದು ರೋಮಿನ ಇತಿಹಾಸದ ಬರಹಗಳಲ್ಲಿ. ನಮ್ಮ ಸರಕಾರಿ ಕಾಗದಗಳಲ್ಲಿರುವುದು ‘ಎಕ್ಸ್ ಸರ್ವಿಸ್‌ಮನ್’. ಪಿಂಚಣಿಯಿಂದ ಕ್ಯಾಂಟೀನಿನವರೆಗೆ ನಮ್ಮ ಹಿರಿಯರು ತಮ್ಮನ್ನು ಗುರುತಿಸಿಕೊಳ್ಳುವುದೂ ಅದರಿಂದಲೇ. ಆಮಂತ್ರಣ ಪತ್ರಿಕೆಯನ್ನು ಓದಿದವನಿಗೆ ಕರೆದದ್ದು ತನ್ನನ್ನೇ ಎಂದು ತಿಳಿಯಬೇಕು. ಆ ಶಬ್ದದಿಂದ ಅದು ಆಗಲಿಲ್ಲ.

ದೂರು ಹೇಳಿದಾಗ ಮುದ್ರಣಾಲಯದ ಯಜಮಾನರು ವಾದಕ್ಕೆ ಇಳಿಯಲಿಲ್ಲ. “ಡಿಕ್ಷನರ್‍ಯಾಗ ನೋಡೇ ಹಾಕೇವ್ರಿ, ಆದ್ರ ನಿಮ್ಮನ್ನ ಕೇಳಬೇಕಿತ್ತು” ಎಂದು ಒಪ್ಪಿಕೊಂಡು, ಉಳಿದಿದ್ದ ಪತ್ರಿಕೆಗಳ ಬದಲಿಗೆ ‘ವೆಟರನ್ಸ್’ ಎಂಬ ಶೀರ್ಷಿಕೆಯೊಂದಿಗೆ ಹೊಸದಾಗಿ ಅಚ್ಚು ಹಾಕಿ, ಕಾಗದದ ಬೆಲೆಯನ್ನಷ್ಟೇ ತೆಗೆದುಕೊಂಡರು. ಕನ್ನಡದ ಕೆಲಸಕ್ಕೆ ನಾನು ಮತ್ತೆ ಅವರ ಬಳಿಗೇ ಹೋಗುತ್ತೇನೆ. ಇಂಗ್ಲಿಷ್ ಅನುವಾದವನ್ನು ಮಾತ್ರ ನೀವೇ ಬರೆದುಕೊಡುವುದು ಒಳ್ಳೆಯದು. ಅವರಿಗೇ ಒಪ್ಪಿಸುವುದಾದರೆ ಎರಡೂ ಬದಿಯ ಕರಡನ್ನು ಕೇಳಿ ಪಡೆದು, ಓದಿ, ಸಹಿ ಹಾಕಿದ ಮೇಲೆಯೇ ಅಚ್ಚಿಗೆ ಬಿಡಿ.