ತಾರಸಿಯ ಪಾಠ ಗಟ್ಟಿ, ತರಗತಿಯ ಪಾಠ ಜಾಳು: ಸೌರ ವಿದ್ಯುತ್ ತಂತ್ರಜ್ಞರ ತರಬೇತಿಯೊಂದರ ವಿಮರ್ಶೆ

ಶಾಲೆ ಮುಗಿಸಿದ ಯುವಜನರನ್ನು ಹಸಿರು ಆರ್ಥಿಕತೆಯ ಉದ್ಯೋಗಗಳಿಗೆ ಸಿದ್ಧಪಡಿಸುವುದಾಗಿ ಹೇಳಿಕೊಳ್ಳುವ ತರಬೇತಿಗಳಿಗೆ ಈಗ ಬರವಿಲ್ಲ. ಖಾಸಗಿ ಸಂಸ್ಥೆಯೊಂದು ನಡೆಸುವ ಅಂಥ ಮೂರು ತಿಂಗಳ ಸೌರ ವಿದ್ಯುತ್ ತಂತ್ರಜ್ಞರ ತರಬೇತಿಯನ್ನು ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇಲ್ಲಿನ ಒಳ್ಳೆಯದೂ ಕೊರತೆಯೂ ಈ ಬಗೆಯ ಬಹುತೇಕ ತರಬೇತಿಗಳಿಗೆ ಅನ್ವಯಿಸುವಂಥವು ಎಂದು ತೋರಿದ್ದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ.

ಮೊದಲ ವಾರವನ್ನು ಹೆಚ್ಚುಕಡಿಮೆ ಕಳೆದುಕೊಂಡಂತೆಯೇ ಲೆಕ್ಕ. ಹವಾಮಾನ ಬದಲಾವಣೆ, ಹಸಿರುಮನೆ ಅನಿಲಗಳು, ಭೂಮಿಯ ಭವಿಷ್ಯ ಎಂದು ಭಾಷಣಗಳು ಸಾಗುತ್ತವೆ. ಕೇಳುವ ಹುಡುಗ ಹುಡುಗಿಯರಿಗೆ ಇದೆಲ್ಲ ಶಾಲೆಯ ಪಠ್ಯದಲ್ಲೇ ಬಂದುಹೋಗಿರುತ್ತದೆ. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ 1 ಕೋಟಿ 62 ಲಕ್ಷ ಉದ್ಯೋಗಗಳಿದ್ದವು ಎಂಬ ಅಂಕಿಯನ್ನು ದೊಡ್ಡ ಅಕ್ಷರಗಳಲ್ಲಿ ತೋರಿಸಿದರು. ಅಂಕಿ ಸರಿಯೇ. ಆದರೆ ಅದರಲ್ಲಿ ಅರ್ಧದ ಹತ್ತಿರ ಹತ್ತಿರ ಚೀನಾ ಒಂದರಲ್ಲೇ ಇವೆ, ಫಲಕಗಳ ತಯಾರಿಕೆ ಅಲ್ಲಿ ಕೇಂದ್ರೀಕೃತವಾಗಿರುವುದು ಅದಕ್ಕೊಂದು ಮುಖ್ಯ ಕಾರಣ ಎಂಬುದನ್ನು ಯಾರೂ ಹೇಳಲಿಲ್ಲ. ತಯಾರಿಕೆ, ಅಳವಡಿಕೆ, ನಿರ್ವಹಣೆ ಇವು ಮೂರೂ ಬೇರೆ ಬೇರೆ ಕೆಲಸಗಳು, ಬೇರೆ ಬೇರೆ ಊರುಗಳಲ್ಲಿ ಸಿಗುವಂಥವು. ಇದನ್ನು ಬಿಡಿಸಿ ಹೇಳದೆ ಒಟ್ಟು ಮೊತ್ತವನ್ನಷ್ಟೇ ಮುಂದಿಡುವುದು ಹದಿನೆಂಟು ತುಂಬಿದವರ ಎದುರು ಆಸೆಯ ಗೋಪುರ ಕಟ್ಟಿದಂತಾಗುತ್ತದೆ.

ತರಬೇತಿಗೆ ಜೀವ ಬರುವುದು ವಿದ್ಯಾರ್ಥಿಗಳು ತಾರಸಿ ಹತ್ತಿದ ಮೇಲೆ. ಅಲ್ಲಿ ಪಾಠ ಮಾಡುವವರು ವರ್ಷಗಟ್ಟಲೆ ಅಳವಡಿಕೆಯ ಕೆಲಸ ಮಾಡಿ ಬಂದವರು, ಮಾತು ಕಡಿಮೆ. ಅವರು ಮೊದಲು ಕೊಟ್ಟ ಲೆಕ್ಕ ಹೀಗಿತ್ತು: ಒಂದು ಫಲಕದ ತೆರೆದ ಮಂಡಲದ ವೋಲ್ಟೇಜ್ (ಯಾವ ಉಪಕರಣಕ್ಕೂ ವಿದ್ಯುತ್ ಹರಿಯದಿರುವಾಗಿನ ವೋಲ್ಟೇಜ್) 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 50 ವೋಲ್ಟ್, ತಾಪ ಒಂದೊಂದು ಡಿಗ್ರಿ ಇಳಿದಾಗಲೂ ಅದು ಶೇಕಡಾ 0.28ರಷ್ಟು ಏರುತ್ತದೆ, ಇನ್ವರ್ಟರ್ ತಡೆದುಕೊಳ್ಳುವ ಗರಿಷ್ಠ ಮಿತಿ 1000 ವೋಲ್ಟ್, ಹಾಗಾದರೆ ಒಂದು ಸರಣಿಯಲ್ಲಿ ಎಷ್ಟು ಫಲಕ ಜೋಡಿಸಬಹುದು? ಎಲ್ಲರೂ ಐವತ್ತರಿಂದ ಭಾಗಿಸಿ, ಒಂದನ್ನು ಬಿಟ್ಟು, ಹತ್ತೊಂಬತ್ತು ಎಂದರು. ಆದರೆ ಚಳಿಗಾಲದ ಮುಂಜಾನೆ ತಾಪ 5 ಡಿಗ್ರಿಗೆ ಇಳಿದರೆ ಪ್ರತಿ ಫಲಕವೂ 52.8 ವೋಲ್ಟ್ ಕೊಡುತ್ತದೆ, ಹತ್ತೊಂಬತ್ತು ಸೇರಿ 1003 ವೋಲ್ಟ್ ದಾಟುತ್ತದೆ, ಇನ್ವರ್ಟರ್ ಸುಟ್ಟುಹೋಗಬಹುದು. ಉತ್ತರ ಹದಿನೆಂಟು. ಈ ಒಂದು ಲೆಕ್ಕದಿಂದ ಫಲಕದ ಹಿಂಬದಿಯ ಚೀಟಿಯನ್ನು ಯಾಕೆ ಓದಬೇಕು ಎಂಬುದು ಅವರಿಗೆ ತಿಳಿಯಿತು. ಇಡೀ ಮೊದಲ ವಾರದ ಭಾಷಣಗಳಿಗಿಂತ ಇದರ ತೂಕ ಹೆಚ್ಚು.

ದೋಷ ಹುಡುಕುವ ಅಭ್ಯಾಸ ಇನ್ನೂ ಚೆನ್ನಾಗಿತ್ತು. ಶಿಕ್ಷಕರು ಮೊದಲೇ ಕೆಲವು ಕಡೆ ಕೈಚಳಕ ತೋರಿಸಿರುತ್ತಾರೆ: ಒಂದು ಕನೆಕ್ಟರ್ ಅರ್ಧ ಮಾತ್ರ ಕೂತಿರುತ್ತದೆ, ಒಂದೆಡೆ ಧನ ಋಣ ತುದಿಗಳು ಅದಲು ಬದಲಾಗಿರುತ್ತವೆ, ಅರ್ಥಿಂಗ್ ತಂತಿಯೊಂದು ನಟ್ಟಿನಡಿ ಸಡಿಲವಾಗಿರುತ್ತದೆ. ವಿದ್ಯಾರ್ಥಿನಿಯೊಬ್ಬಳು ಮಲ್ಟಿಮೀಟರ್ ಹಿಡಿದು ಒಂದೊಂದೇ ಫಲಕವನ್ನು ಅಳೆಯುತ್ತ ಬಂದಳು. ಉಳಿದವೆಲ್ಲ ಬಿಸಿಲಿನಲ್ಲಿ 46 ವೋಲ್ಟ್ ಆಸುಪಾಸಿನಲ್ಲಿದ್ದರೆ ಒಂದು ಮಾತ್ರ 31 ತೋರಿಸಿತು. ನೆರಳಿಲ್ಲ, ಗಾಜು ಒಡೆದಿಲ್ಲ, ಧೂಳೂ ಇಲ್ಲ. ಮೂರನೆಯ ಒಂದು ಪಾಲು ಎಲ್ಲಿ ಹೋಯಿತು ಎಂದು ಅವಳೇ ಯೋಚಿಸಿ, ಫಲಕದೊಳಗಿನ ಕೋಶಗಳು ಮೂರು ಗುಂಪುಗಳಲ್ಲಿದ್ದು ಪ್ರತಿ ಗುಂಪಿಗೂ, ಅದು ಕೈಕೊಟ್ಟಾಗ ವಿದ್ಯುತ್ತಿಗೆ ಬದಿಯಿಂದ ದಾರಿ ಬಿಡುವ ಒಂದು ಬೈಪಾಸ್ ಡಯೋಡ್ ಇರುತ್ತದೆ ಎಂಬುದನ್ನು ನೆನಪಿಸಿಕೊಂಡು, ಒಂದು ಡಯೋಡ್ ಶಾರ್ಟ್ ಆಗಿರಬೇಕು ಎಂದಳು. ಶಿಕ್ಷಕರು ಹೌದೆಂದೂ ಹೇಳದೆ ಅಲ್ಲವೆಂದೂ ಹೇಳದೆ ಸ್ಕ್ರೂಡ್ರೈವರ್ ಅವಳ ಕೈಗೆ ಕೊಟ್ಟು ಜಂಕ್ಷನ್ ಬಾಕ್ಸ್ ತೆರೆಯಲು ಹೇಳಿದರು. ಕಲಿಸುವ ಕ್ರಮವೆಂದರೆ ಇದು.

ಇಷ್ಟು ಚೆನ್ನಾಗಿ ಕಲಿಸುವ ಕಡೆ ಸುರಕ್ಷತೆಗೆ ಅರ್ಧ ದಿನವಷ್ಟೇ ಮೀಸಲಿಟ್ಟಿರುವುದು ಒಪ್ಪತಕ್ಕದ್ದಲ್ಲ. ಬಿಸಿಲು ಬಿದ್ದಿರುವವರೆಗೆ ಸೌರ ಫಲಕವನ್ನು ಆರಿಸುವ ಸ್ವಿಚ್ ಇಲ್ಲ. ಮನೆಗೆ ಬರುವ ಪರ್ಯಾಯ ವಿದ್ಯುತ್ತು (ಎ.ಸಿ.) ಸೆಕೆಂಡಿಗೆ ಹಲವು ಬಾರಿ ಸೊನ್ನೆಗಿಳಿಯುವುದರಿಂದ ಅದರ ಕಿಡಿ ತಾನಾಗಿ ಆರಲು ಅವಕಾಶವಿದೆ. ಫಲಕ ಕೊಡುವ ನೇರ ವಿದ್ಯುತ್ತಿನಲ್ಲಿ (ಡಿ.ಸಿ.) ಆ ಅವಕಾಶವಿಲ್ಲ, ಆದ್ದರಿಂದ ವಿದ್ಯುತ್ ಹರಿಯುತ್ತಿರುವಾಗ ಕನೆಕ್ಟರ್ ಕಿತ್ತರೆ ಹುಟ್ಟುವ ಜ್ವಾಲೆ ಉರಿಯುತ್ತಲೇ ಇರುತ್ತದೆ. ಬೇರೆ ಬೇರೆ ಕಂಪನಿಗಳ ಕನೆಕ್ಟರ್‌ಗಳು ಹೊರನೋಟಕ್ಕೆ ಒಂದಕ್ಕೊಂದು ಹೊಂದಿದಂತೆ ಕಂಡರೂ ಅವುಗಳನ್ನು ಬೆರೆಸಿದರೆ ಬಿಸಿಯಾಗಿ ಬೆಂಕಿ ಹತ್ತುವ ಅಪಾಯವಿದೆ ಎಂಬುದನ್ನು ಪುಸ್ತಕದ ಒಂದು ಸಾಲಿನಲ್ಲಿ ಮುಗಿಸಿದ್ದಾರೆ. ಎತ್ತರದಿಂದ ಬೀಳುವುದರ ವಿಷಯವೂ ಹಾಗೆಯೇ: ಸುರಕ್ಷಾ ಪಟ್ಟಿ ಕಟ್ಟಿಕೊಳ್ಳುವುದನ್ನು ತೋರಿಸಿದರು, ಅದರ ಹಗ್ಗವನ್ನು ಎಲ್ಲಿಗೆ ಬಿಗಿಯಬೇಕು, ಎಲ್ಲಿಗೆ ಬಿಗಿಯಬಾರದು ಎಂಬುದನ್ನು ಮಾಡಿಸಲಿಲ್ಲ. ಇಡೀ ತಂಡಕ್ಕೆ ಇದ್ದ ಪಟ್ಟಿಗಳೆಲ್ಲ ಒಂದೇ ಅಳತೆಯವು. ಸಣ್ಣ ಮೈಕಟ್ಟಿನವರಿಗೆ ಅವು ಸಡಿಲವಾಗಿ ಜೋತುಬೀಳುತ್ತಿದ್ದವು. ಪವನ ವಿದ್ಯುತ್ ಉದ್ಯಮದಲ್ಲಿ ಗ್ಲೋಬಲ್ ವಿಂಡ್ ಆರ್ಗನೈಸೇಶನ್ ರೂಪಿಸಿರುವ ಮೂಲ ಸುರಕ್ಷತಾ ತರಬೇತಿ ಎತ್ತರದ ಕೆಲಸ, ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವಿಕೆ ಎಂದು ಪ್ರತ್ಯೇಕ ಭಾಗಗಳಲ್ಲಿ ನಡೆಯುತ್ತದೆ, ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಸೌರ ತರಬೇತಿಗಳು ಆ ಶಿಸ್ತಿನ ಕಾಲು ಭಾಗವನ್ನಾದರೂ ತರಲಿ.

ಉದ್ಯೋಗ ಮಾರ್ಗದರ್ಶನ ಎಂಬ ಭಾಗವೂ ಇದೆ. ಸ್ವವಿವರ ಬರೆಯುವುದು, ಸಂದರ್ಶನದಲ್ಲಿ ಕೂರುವ ರೀತಿ, ಅಷ್ಟೇ. ಅಳವಡಿಕೆಯ ಕೆಲಸ ಬಹುಮಟ್ಟಿಗೆ ಗುತ್ತಿಗೆಯದು, ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಘಟಕದ ಆಯುಷ್ಯ ಇಪ್ಪತ್ತೈದು ವರ್ಷವಾದ್ದರಿಂದ ನಿರ್ವಹಣೆಯ ಕೆಲಸ ಉಳಿಯುತ್ತದೆ, ಆದರೆ ಅದಕ್ಕೆ ಬೇಕಾಗುವ ಜನ ಕಡಿಮೆ. ಈ ವಾಸ್ತವವನ್ನು ಹೇಳಬೇಕಾಗಿತ್ತು. ಅಪಘಾತ ವಿಮೆ, ಲಿಖಿತ ಒಪ್ಪಂದ, ದುಡಿಮೆಯ ಅವಧಿ ಇವುಗಳ ಬಗ್ಗೆ ಒಂದು ಮಾತೂ ಬರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪರಿಸರಕ್ಕೆ ಒಳ್ಳೆಯದಾದ ಮಾತ್ರಕ್ಕೆ ಯಾವುದನ್ನೂ ಹಸಿರು ಉದ್ಯೋಗವೆಂದು ಕರೆಯುವುದಿಲ್ಲ, ಅದು ಘನತೆಯ ದುಡಿಮೆಯೂ ಆಗಿರಬೇಕು ಎನ್ನುತ್ತದೆ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೂ ಕಾರ್ಮಿಕರ ನ್ಯಾಯಯುತ ಪರಿವರ್ತನೆಯ ಪ್ರಸ್ತಾಪವಿದೆ. ಇವೆರಡನ್ನು ಮೊದಲ ವಾರದ ಭಾಷಣಗಳ ಜಾಗದಲ್ಲಿ ಇಟ್ಟಿದ್ದರೆ ಆ ವಾರಕ್ಕೊಂದು ಅರ್ಥ ಬರುತ್ತಿತ್ತು.

ವಿದ್ಯುತ್ತಿನ ಮೂಲಪಾಠ ಗೊತ್ತಿರುವವರು ಈ ತರಬೇತಿಗೆ ಧೈರ್ಯವಾಗಿ ಸೇರಬಹುದು. ಓಮನ ನಿಯಮವೇ ಹೊಸತು ಎನ್ನುವವರು ಮೊದಲು ವೈರಿಂಗ್ ಕೆಲಸವನ್ನು ಬೇರೆಡೆ ಕಲಿತು ಬರುವುದು ಲೇಸು, ಇಲ್ಲಿ ಅದಕ್ಕೆ ಸಮಯ ಕೊಡುವುದಿಲ್ಲ. ಸೇರುವ ಮುನ್ನ ಅಭ್ಯಾಸದ ತಾರಸಿಯನ್ನು ಕಣ್ಣಾರೆ ನೋಡಿ, ಒಂದು ಮಲ್ಟಿಮೀಟರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ಕೊನೆಯಲ್ಲಿ ಕೊಡುವ ಪ್ರಮಾಣಪತ್ರದಲ್ಲಿ ತರಬೇತಿಯ ಹೆಸರು, ಅವಧಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದ್ದರಿಂದ ತಾವೇ ಒಂದು ದಿನಚರಿ ಪುಸ್ತಕ ಇಟ್ಟುಕೊಂಡು, ಅಳೆದ ವೋಲ್ಟೇಜ್, ಕಂಡುಹಿಡಿದ ದೋಷ, ಮಾಡಿದ ದುರಸ್ತಿ ಎಲ್ಲವನ್ನೂ ಬರೆದು ತಾರಸಿಯ ಶಿಕ್ಷಕರಿಂದ ಸಹಿ ಹಾಕಿಸಿಕೊಳ್ಳಬೇಕು. ಕೇಳಿದರೆ ಅವರು ಹಾಕಿಕೊಡುತ್ತಾರೆ.